ತಂಗಿಗೆ ಲೂಪಸ್, ಈಗ ಕತ್ತಿನಲ್ಲಿ ಗಂಟು. ರಕ್ತದ ಕ್ಯಾನ್ಸರ್ ಇರಬಹುದಾ?

ಡೊಂಬಿವಲಿ ಅಕ್ಕ · ಭಾನುವಾರ ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಇಲ್ಲಿ ಓದುತ್ತಾ ತುಂಬ ದಿನ ಆಯಿತು, ಬರೆಯುವುದು ಇದೇ ಮೊದಲು. ನನ್ನ ತಂಗಿಗೆ 34 ವರ್ಷ. ಹನ್ನೊಂದು ವರ್ಷದಿಂದ ಲೂಪಸ್ ಇದೆ, ರೋಗನಿರೋಧಕ ಶಕ್ತಿಯೇ ಸ್ವಂತ ಮೈಮೇಲೆ ತಿರುಗಿ ಬೀಳುವ ಕಾಯಿಲೆ. ಮೊದಲು ಕೀಲುನೋವು, ಕೆನ್ನೆ ಮೇಲೆ ಕೆಂಪು, ಆಮೇಲೆ ಕಿಡ್ನಿಗೂ ಬಂತು. ಮಾತ್ರೆ ನುಂಗಿಕೊಂಡು, ಕೆಲಸಕ್ಕೂ ಹೋಗಿಕೊಂಡು ಚೆನ್ನಾಗಿಯೇ ಇದ್ದಳು.

ಎರಡು ತಿಂಗಳ ಹಿಂದೆ ಜಡೆ ಹಾಕಿಕೊಳ್ಳುವಾಗ ಕತ್ತಿನ ಎಡಗಡೆ ಗಂಟು ಕೈಗೆ ಸಿಕ್ಕಿತು. ಹುಣಸೆ ಬೀಜದಷ್ಟಿತ್ತು. ಈಗ ನೆಲ್ಲಿಕಾಯಿಯಷ್ಟಾಗಿದೆ. ನೋವಿಲ್ಲ. ಸೂಜಿ ಚುಚ್ಚಿ ತೆಗೆದ ಪರೀಕ್ಷೆಯಲ್ಲಿ ಏನೂ ಗೊತ್ತಾಗಲಿಲ್ಲ. ಅವಳ ಡಾಕ್ಟರು ಪೂರ್ತಿ ಗಂಟು ತೆಗೆದು ಬಯಾಪ್ಸಿ ಮಾಡಿಸಿ ಅನ್ನುತ್ತಾರೆ. ಲೂಪಸ್ ಇದ್ದವರಲ್ಲಿ ಲಿಂಫೋಮಾ, ಅಂದರೆ ಇಂಥ ಗಂಟಿನಲ್ಲಿ ಬರುವ ಕ್ಯಾನ್ಸರ್, ಸ್ವಲ್ಪ ಜಾಸ್ತಿ, ನೋಡಿಬಿಡೋಣ ಅಂದರು. ಆ ಮಾತು ಕೇಳಿದಾಗಿನಿಂದ ಮನೆಯಲ್ಲಿ ಯಾರಿಗೂ ಊಟ ಸೇರುತ್ತಿಲ್ಲ. ಅವಳ ಅತ್ತೆ ಮನೆಯವರು ಕತ್ತರಿ ತಾಗಿದರೆ ಹರಡುತ್ತದೆ ಅನ್ನುತ್ತಾರೆ. ಚಿಕ್ಕಪ್ಪ ಮಾತ್ರೆಯಿಂದಲೇ ಬಂದಿದ್ದು, ಎಲ್ಲ ನಿಲ್ಲಿಸಿ ಅಂತ ದಿನಾ ಫೋನ್ ಮಾಡುತ್ತಾರೆ. ಯಾರಿಗಾದರೂ ಅನುಭವ ಇದ್ದರೆ ದಯವಿಟ್ಟು ಹೇಳಿ.

ಕುರ್ಲಾ ಶೆಟ್ರು · ಭಾನುವಾರ ರಾತ್ರಿ 10:52

ಅಕ್ಕ, ಮೊದಲು ಮಾತ್ರೆ ನಿಲ್ಲಿಸಬೇಡಿ. ಮಿಕ್ಕಿದ್ದು ಆಮೇಲೆ ಮಾತಾಡೋಣ.

ಘಾಟ್ಕೋಪರ್ ಭಟ್ · ಭಾನುವಾರ ರಾತ್ರಿ 11:05

ಚಿಕ್ಕಪ್ಪ ಹೇಳಿದ್ದರಲ್ಲಿ ಪೂರ್ತಿ ತಪ್ಪಿಲ್ಲ. ಹತ್ತು ವರ್ಷ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ಕೊಟ್ಟರೆ ಕ್ಯಾನ್ಸರ್ ಬರದೆ ಇನ್ನೇನು? ಪ್ಯಾಕೆಟ್ ಒಳಗಿನ ಚೀಟಿಯಲ್ಲೇ ಬರೆದಿರುತ್ತಾರೆ. ನಮ್ಮ ಪರಿಚಯದವರೊಬ್ಬರು ಎಲ್ಲ ಬಿಟ್ಟು ಅಮೃತಬಳ್ಳಿ ಕಷಾಯ ಕುಡಿದು ಆರಾಮಾಗಿದ್ದಾರೆ.

ಮಾಟುಂಗಾ ಸಿಸ್ಟರ್ · ಭಾನುವಾರ ರಾತ್ರಿ 11:31

ಭಟ್ಟರೇ, ಸ್ವಲ್ಪ ತಾಳಿ. ಮೂವತ್ತೊಂದು ವರ್ಷ ವಾರ್ಡಿನಲ್ಲಿ ಕೆಲಸ ಮಾಡಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ. ಕಿಡ್ನಿಗೆ ಲೂಪಸ್ ಬಂದ ಹುಡುಗಿ ಮಾತ್ರೆ ದಿಢೀರ್ ನಿಲ್ಲಿಸಿ ಡಯಾಲಿಸಿಸ್‌ಗೆ ಬಂದಿದ್ದನ್ನು ನನ್ನ ಕಣ್ಣಾರೆ ನೋಡಿದ್ದೇನೆ. ಒಬ್ಬಳಲ್ಲ. ಸ್ಟಿರಾಯ್ಡ್ ಅಂತೂ ಒಮ್ಮೆಲೇ ನಿಲ್ಲಿಸಿದರೆ ಬಿಪಿ ಇಳಿದು ಜೀವಕ್ಕೇ ಅಪಾಯ.

ಅಮೃತಬಳ್ಳಿ ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ ಅಂತಲೇ ಮಾರುತ್ತಾರೆ ಅಲ್ವಾ? ಲೂಪಸ್‌ನಲ್ಲಿ ಆ ಶಕ್ತಿಯೇ ದಾರಿ ತಪ್ಪಿ ಸ್ವಂತ ದೇಹದ ಮೇಲೆ ಬೀಳುವುದು. ಕೋವಿಡ್ ಸಮಯದಲ್ಲಿ ಜನ ಅದನ್ನು ಜಾಸ್ತಿ ಕುಡಿದರು. ಇದೇ ಮುಂಬೈಯ ವೈದ್ಯರು ಆರು ಜನರ ಲಿವರ್ ಕೆಟ್ಟಿದ್ದನ್ನು ನೋಡಿ 2021ರಲ್ಲಿ ಬರೆದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ, ಅದೂ ನಿಜ. ಆದರೂ ಲೂಪಸ್ ಇದ್ದವರಿಗೆ ನಾನಂತೂ ಕೊಡಿ ಅನ್ನಲಾರೆ.

ಡೊಂಬಿವಲಿ ಅಕ್ಕ, ಮೂರು ವಿಷಯ ತಿಳಿಸಿ. ಸಂಜೆ ಜ್ವರ ಇದೆಯಾ? ರಾತ್ರಿ ಬೆವರುತ್ತಾಳಾ? ತೂಕ ಇಳಿದಿದೆಯಾ?

ಡೊಂಬಿವಲಿ ಅಕ್ಕ · ಭಾನುವಾರ ರಾತ್ರಿ 11:44

ಜ್ವರ ಆಗಾಗ ಬರುತ್ತದೆ, 100ರ ಹತ್ತಿರ. ಲೂಪಸ್ ಕೆರಳಿದಾಗಲೂ ಹಾಗೇ ಬರುತ್ತಿತ್ತು. ಬೆವರು ಇಲ್ಲ ಅನ್ನುತ್ತಾಳೆ. ತೂಕ 54 ಇದ್ದಿದ್ದು 51 ಆಗಿದೆ. ಹೆದರಿಕೆಗೆ ಊಟ ಬಿಟ್ಟಿದ್ದರಿಂದಲೋ ಏನೋ.

ಮುಲುಂಡ್ ಅತ್ತಿಗೆ · ಸೋಮವಾರ ಬೆಳಿಗ್ಗೆ 6:15

ನಿಮ್ಮ ಬರಹ ನೋಡಿ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ, ಯಾಕೆಂದರೆ ಇದು ನನ್ನದೇ ಕಥೆ. ಉದ್ದ ಆಗುತ್ತದೆ, ಆದರೂ ಓದಿ.

2009ರಿಂದ ನನಗೆ ಲೂಪಸ್. 2017ರಲ್ಲಿ ಕತ್ತಿನಲ್ಲಿ ಗಂಟು ಬಂತು. ಆಗ ನೋಡುತ್ತಿದ್ದವರು ಮುಟ್ಟಿ ನೋಡಿ ಟಿಬಿ ಅಂದರು. ನಮ್ಮ ದೇಶದಲ್ಲಿ ಕತ್ತಿನ ಗಂಟು ಅಂದರೆ ಟಿಬಿ ಅನ್ನುವುದು ಸಹಜ. ಪ್ರಪಂಚದ ಟಿಬಿ ರೋಗಿಗಳಲ್ಲಿ ಹೆಚ್ಚುಕಡಿಮೆ ಕಾಲು ಭಾಗ ನಮ್ಮಲ್ಲೇ ಇದ್ದಾರೆ. ಸ್ಟಿರಾಯ್ಡ್ ತಿನ್ನುವವರಿಗೆ ಅದು ಇನ್ನೂ ಬೇಗ ಹತ್ತುತ್ತದೆ. ಹಾಗಾಗಿ ಅನುಮಾನ ಪಟ್ಟಿದ್ದು ತಪ್ಪು ಅನ್ನಲ್ಲ. ಆದರೆ ಬಯಾಪ್ಸಿ ಮಾಡಿಸದೆ ಟಿಬಿ ಮಾತ್ರೆ ಶುರು ಮಾಡಿದರು. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿತು, ಅದು ಮಾತ್ರೆಯಿಂದ ಅಂದರು. ಅದೇ ಮಾತ್ರೆ ನನ್ನ ಸ್ಟಿರಾಯ್ಡ್‌ನ ಕೆಲಸವನ್ನೂ ತಗ್ಗಿಸುತ್ತದೆ ಅಂತ ಯಾರೂ ಹೇಳಲಿಲ್ಲ. ಲೂಪಸ್ ಕೆರಳಿತು. ಕೈಬೆರಳು ಮಡಚಲು ಆಗುತ್ತಿರಲಿಲ್ಲ.

ಎರಡನೇ ತಿಂಗಳಿಂದ ಬೆವರು. ಜುಲೈ ತಿಂಗಳು. ರಾತ್ರಿ ಎರಡು ಗಂಟೆಗೆ ಎದ್ದರೆ ನೈಟಿ ಹಿಂಡುವ ಹಾಗೆ ಒದ್ದೆ, ದಿಂಬಿನ ಕವರ್ ಒದ್ದೆ. ಇವರು ಕಿಟಕಿಯಿಂದ ಮಳೆ ಎರಚಲು ಬಂತೇನೋ ಅಂತ ಎದ್ದು ಹೋಗಿ ನೋಡಿದರು, ಕಿಟಕಿ ಮುಚ್ಚಿತ್ತು. ಅವತ್ತಿನಿಂದ ಮಂಚದ ಪಕ್ಕ ಇನ್ನೊಂದು ನೈಟಿ ಮಡಚಿ ಇಟ್ಟುಕೊಂಡು ಮಲಗುತ್ತಿದ್ದೆ. 58 ಕಿಲೋ ಇದ್ದವಳು ನಾಲ್ಕು ತಿಂಗಳಲ್ಲಿ 49 ಆದೆ. ಬಳೆ ಜಾರಿ ಮೊಣಕೈವರೆಗೆ ಹೋಗುತ್ತಿತ್ತು.

ಕೊನೆಗೆ ಬೇರೆ ಡಾಕ್ಟರು ಗಂಟು ತೆಗೆಸಿದರು. ಡಿಫ್ಯೂಸ್ ಲಾರ್ಜ್ ಬಿ ಸೆಲ್ ಲಿಂಫೋಮಾ. ಲೂಪಸ್ ಇದ್ದವರಲ್ಲಿ ಬರುವ ಲಿಂಫೋಮಾಗಳಲ್ಲಿ ಇದೇ ಜಾಸ್ತಿ ಅಂತ ಆಮೇಲೆ ಗೊತ್ತಾಯಿತು. 21 ದಿನಕ್ಕೊಂದರಂತೆ ಆರು ಕೀಮೋ. ಇನ್ನೊಂದು ಮಾತು ಹೇಳಲೇಬೇಕು. ಆ ಕೀಮೋದಲ್ಲಿ ರಿಟುಕ್ಸಿಮ್ಯಾಬ್, ಸೈಕ್ಲೋಫಾಸ್ಫಮೈಡ್, ಪ್ರೆಡ್ನಿಸೊಲೋನ್ ಇರುತ್ತವೆ. ಮೂರನ್ನೂ ಲೂಪಸ್‌ಗೂ ಕೊಡುತ್ತಾರೆ. ಎರಡನೇ ಕೀಮೋ ಆದ ಮೇಲೆ ತಲೆಯಲ್ಲಿ ಒಂದು ಕೂದಲಿರಲಿಲ್ಲ, ಆದರೆ ವರ್ಷಗಳ ನಂತರ ಮೊದಲ ಸಲ ಬೆಳಿಗ್ಗೆ ನೋವಿಲ್ಲದೆ ಮುಷ್ಟಿ ಕಟ್ಟಿದೆ.

ಈಗ ಚೆನ್ನಾಗಿದ್ದೇನೆ. ತಂಗಿಗೆ ಕ್ಯಾನ್ಸರ್ ಇದೆ ಅಂತ ನಾನು ಹೇಳುತ್ತಿಲ್ಲ. ಆದರೆ ನಿಮ್ಮ ಡಾಕ್ಟರು ತಾವೇ ಬಯಾಪ್ಸಿ ಅಂದಿದ್ದಾರಲ್ಲ, ಅದು ಒಳ್ಳೆಯದಾಯಿತು. ನನಗೆ ಆ ನಾಲ್ಕು ತಿಂಗಳು ವಾಪಸ್ ಸಿಗಲಿಲ್ಲ.

ಕುರ್ಲಾ ಶೆಟ್ರು · ಸೋಮವಾರ ಬೆಳಿಗ್ಗೆ 7:02

ಅತ್ತಿಗೆ, ಇಷ್ಟು ವರ್ಷದಿಂದ ಪರಿಚಯ, ಇದು ಗೊತ್ತೇ ಇರಲಿಲ್ಲ. ದೇವರು ಚೆನ್ನಾಗಿಟ್ಟಿರಲಿ.

ಪಿಂಪ್ರಿ ಲ್ಯಾಬ್ · ಸೋಮವಾರ ಬೆಳಿಗ್ಗೆ 9:20

ನಾನು ಪುಣೆ ಕಡೆ ಪ್ಯಾಥಾಲಜಿ ಲ್ಯಾಬಿನಲ್ಲಿ ಟೆಕ್ನಿಷಿಯನ್. ಕತ್ತರಿ ತಾಗಿದರೆ ಹರಡುತ್ತದೆ ಅನ್ನುವ ಮಾತು ವಾರಕ್ಕೆ ಎರಡು ಸಲವಾದರೂ ಕೌಂಟರಿನಲ್ಲಿ ಕೇಳುತ್ತೇನೆ. ಲಿಂಫೋಮಾ ಬಯಾಪ್ಸಿಯಿಂದ ಹರಡುವುದಿಲ್ಲ. ಬಯಾಪ್ಸಿ ಇಲ್ಲದೆ ಅದು ಯಾವ ಜಾತಿಯದು ಅಂತ ಗೊತ್ತಾಗುವುದಿಲ್ಲ, ಗೊತ್ತಾಗದೆ ಔಷಧಿ ಕೊಡುವ ಹಾಗಿಲ್ಲ.

ಸೂಜಿ ಪರೀಕ್ಷೆ ಯಾಕೆ ಸಾಲಲ್ಲ ಅಂದರೆ, ಸೂಜಿಯಲ್ಲಿ ಬರುವುದು ಬಿಡಿ ಬಿಡಿ ಜೀವಕೋಶ. ಒಂದು ಮನೆಯ ಹತ್ತು ಇಟ್ಟಿಗೆ ತಂದುಕೊಟ್ಟು ಮನೆ ಹೇಗಿದೆ ಹೇಳಿ ಅಂದ ಹಾಗೆ. ಲೂಪಸ್‌ನಲ್ಲಿ ಇದು ಇನ್ನೂ ಕಷ್ಟ, ಯಾಕೆಂದರೆ ಲೂಪಸ್ ಒಂದೇ ಇದ್ದರೂ ಗಂಟು ಊದುತ್ತದೆ. ಟಿಬಿಯಲ್ಲೂ ಊದುತ್ತದೆ. ಕಿಕುಚಿ ಅಂತ ಇನ್ನೊಂದಿದೆ, 1972ರಲ್ಲಿ ಜಪಾನಿನಲ್ಲಿ ಗುರುತಿಸಿದ್ದು. ಅದೂ ಹೆಚ್ಚಾಗಿ ಹರೆಯದ ಹೆಣ್ಣುಮಕ್ಕಳಲ್ಲೇ, ಕತ್ತಿನಲ್ಲೇ. ಅದು ತಾನಾಗಿ ವಾಸಿಯಾಗುತ್ತದೆ. ಲೂಪಸ್ ಜೊತೆಗೂ ಬರುವುದುಂಟು. ಪೂರ್ತಿ ಗಂಟು ಸಿಕ್ಕಿದರೆ ಇವನ್ನೆಲ್ಲ ಬೇರೆ ಬೇರೆ ಮಾಡಿ ನೋಡಬಹುದು.

ಒಂದು ಮುಖ್ಯ ವಿಷಯ. ಬಯಾಪ್ಸಿಗೆ ಮುಂಚೆ ಸ್ಟಿರಾಯ್ಡ್ ಡೋಸ್ ಜಾಸ್ತಿ ಮಾಡಿದರೆ ಲಿಂಫೋಮಾ ಸ್ವಲ್ಪ ದಿನ ಕುಗ್ಗಿಬಿಡುತ್ತದೆ, ಆಗ ತುಣುಕಿನಲ್ಲಿ ಏನೂ ಸಿಗುವುದಿಲ್ಲ. ಈಗ ತಗೊಳ್ಳುತ್ತಿರುವುದನ್ನು ಬಿಡಬೇಡಿ. ಆದರೆ ಜ್ವರಕ್ಕೆ ಅಂತ ಬೇರೆ ಯಾರಾದರೂ ಜಾಸ್ತಿ ಬರೆದುಕೊಟ್ಟರೆ ಅವಳ ಡಾಕ್ಟರನ್ನು ಕೇಳದೆ ಕೊಡಬೇಡಿ.

ಸರ್ಜನ್‌ಗೆ ಇದನ್ನೂ ಹೇಳಿ: ತೆಗೆದ ಗಂಟಿನ ಒಂದು ಚೂರನ್ನು ಫಾರ್ಮಾಲಿನ್‌ಗೆ (ತುಣುಕು ಕೆಡದ ಹಾಗೆ ಇಡುವ ದ್ರವ) ಹಾಕದೆ ಸಲೈನ್‌ನಲ್ಲಿ ಟಿಬಿ ಕಲ್ಚರ್‌ಗೆ, ಅಂದರೆ ರೋಗಾಣು ಬೆಳೆಸಿ ನೋಡಲು, ಮತ್ತೆ ಸಿಬಿನ್ಯಾಟ್ ಅನ್ನುವ ಟಿಬಿ ಪರೀಕ್ಷೆಗೆ ಕಳಿಸಲಿ. ಎಲ್ಲವನ್ನೂ ಫಾರ್ಮಾಲಿನ್‌ಗೆ ಹಾಕಿದರೆ ಕಲ್ಚರ್ ಮಾಡಲು ಆಗುವುದೇ ಇಲ್ಲ. ಇದು ನಮ್ಮಲ್ಲಿ ಪದೇ ಪದೇ ಆಗುವ ತಪ್ಪು.

ವಾಸ್ಕೋದಿಂದ · ಸೋಮವಾರ ಬೆಳಿಗ್ಗೆ 10:11

ಲಿಂಫೋಮಾ ಗಂಟಿನಲ್ಲಿ ಬರುವುದು, ಅದು ರಕ್ತದ ಕ್ಯಾನ್ಸರ್ ಹೇಗೆ? ರಕ್ತದ ಕ್ಯಾನ್ಸರ್ ಅಂದರೆ ಲ್ಯುಕೇಮಿಯಾ ಅಲ್ವಾ?

ಪಿಂಪ್ರಿ ಲ್ಯಾಬ್ · ಸೋಮವಾರ ಬೆಳಿಗ್ಗೆ 10:30

ಎರಡೂ ಹೌದು. ಲಿಂಫೋಮಾ ಶುರುವಾಗುವುದು ಲಿಂಫೋಸೈಟ್‌ನಲ್ಲಿ, ಅದು ಒಂದು ಬಗೆಯ ಬಿಳಿ ರಕ್ತಕಣ. ಅದಕ್ಕೇ ಲಿಂಫೋಮಾ, ಲ್ಯುಕೇಮಿಯಾ, ಮೈಲೋಮಾ ಮೂರನ್ನೂ ರಕ್ತದ ಕ್ಯಾನ್ಸರ್ ಅನ್ನುತ್ತಾರೆ.

ಘಾಟ್ಕೋಪರ್ ಭಟ್ · ಸೋಮವಾರ ಮಧ್ಯಾಹ್ನ 1:15

ಸಿಸ್ಟರ್ ಹೇಳಿದ್ದು ಒಪ್ಪುತ್ತೇನೆ, ದಿಢೀರ್ ನಿಲ್ಲಿಸಿ ಅಂದಿದ್ದು ನನ್ನ ತಪ್ಪು. ಆದರೆ ಪ್ರಶ್ನೆ ಹಾಗೇ ಉಳಿಯಿತು. ಔಷಧಿಯಿಂದ ಬರುತ್ತದಾ ಇಲ್ಲವಾ? ಸುಮ್ನೆ ಇಲ್ಲ ಅಂದರೆ ನಂಬುವುದು ಹೇಗೆ?

ಮಾಟುಂಗಾ ಸಿಸ್ಟರ್ · ಸೋಮವಾರ ಮಧ್ಯಾಹ್ನ 2:40

ಸರಿಯಾದ ಪ್ರಶ್ನೆ ಭಟ್ಟರೇ. ಎಲ್ಲ ಔಷಧಿಯನ್ನೂ ಒಂದೇ ಚೀಲಕ್ಕೆ ಹಾಕಬೇಡಿ.

ಹೈಡ್ರಾಕ್ಸಿಕ್ಲೋರೋಕ್ವಿನ್, ಎಲ್ಲರೂ ಎಚ್‌ಸಿಕ್ಯೂ ಅನ್ನುವ ಮಾತ್ರೆ, ಕ್ಯಾನ್ಸರ್ ತರುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ. ಲೂಪಸ್ ಕೆರಳದ ಹಾಗೆ ಹಿಡಿದಿಡುವುದೇ ಅದು. ಅದನ್ನು ಬಿಟ್ಟರೆ ಬರೀ ನಷ್ಟ. ಕಣ್ಣಿನ ಪರೀಕ್ಷೆ ಮಾತ್ರ ತಪ್ಪಿಸಬಾರದು: ಶುರುವಿನಲ್ಲಿ ಒಂದು ಸಲ, ಐದು ವರ್ಷ ಆದ ಮೇಲೆ ಪ್ರತಿ ವರ್ಷ. ಕಿಡ್ನಿ ತೊಂದರೆ ಇದ್ದರೆ ಇನ್ನೂ ಮುಂಚೆ.

ಸೈಕ್ಲೋಫಾಸ್ಫಮೈಡ್ ವಿಷಯ ಬೇರೆ. ಅದು ಒಟ್ಟು ಎಷ್ಟು ಮೈಗೆ ಹೋಯಿತು ಅನ್ನುವುದರ ಮೇಲೆ ಮುಂದೆ ಮೂತ್ರಕೋಶದ ಕ್ಯಾನ್ಸರ್, ರಕ್ತದ ಕ್ಯಾನ್ಸರ್ ಅಪಾಯ ಇದೆ. ಇದು ವೈದ್ಯರಿಗೂ ಗೊತ್ತು. ಅದಕ್ಕೇ ಈಗ ಕಿಡ್ನಿ ಲೂಪಸ್‌ಗೆ ಕಡಿಮೆ ಡೋಸಿನ ಪದ್ಧತಿಯೂ ಇದೆ: 15 ದಿನಕ್ಕೊಮ್ಮೆ 500 ಮಿಲಿಗ್ರಾಂ, ಆರು ಸಲ, ಒಟ್ಟು 3 ಗ್ರಾಂ. ತಂಗಿಗೆ ಹಿಂದೆ ಎಷ್ಟು ಕೊಟ್ಟಿದ್ದರು ಅಂತ ಹಳೆಯ ಫೈಲಿನಲ್ಲಿ ಹುಡುಕಿ ಇಟ್ಟುಕೊಳ್ಳಿ. ಕೇಳುತ್ತಾರೆ.

ಆದರೆ ಭಾರಿ ಔಷಧಿ ಏನೂ ತಗೊಳ್ಳದವರಲ್ಲೂ ಲಿಂಫೋಮಾ ಕಂಡಿದೆ. ಹಾಗಾಗಿ ರೋಗದ ಪಾಲೂ ಇದೆ. ಲೂಪಸ್‌ನಲ್ಲಿ ಬಿ ಜೀವಕೋಶ ಅನ್ನುವ ಬಿಳಿ ರಕ್ತಕಣಗಳಿಗೆ ವಿಶ್ರಾಂತಿಯೇ ಇಲ್ಲ. ವರ್ಷಗಟ್ಟಲೆ ಅವು ಒಡೆದು ಎರಡಾಗುತ್ತಲೇ ಇರುತ್ತವೆ. ಒಡೆಯುವಾಗ ಎಲ್ಲೋ ಒಂದು ಕಡೆ ತಪ್ಪು ನಡೆದು, ಅದು ರಿಪೇರಿ ಆಗದೆ ಉಳಿದರೆ ಅಲ್ಲಿಂದ ಶುರು. ಔಷಧಿ ಬಿಟ್ಟು ಲೂಪಸ್ ಕೆರಳಲು ಬಿಟ್ಟರೆ ಕ್ಯಾನ್ಸರ್‌ನಿಂದ ತಪ್ಪಿಸಿಕೊಂಡ ಹಾಗೆ ಆಗುವುದಿಲ್ಲ.

ಪವಾಯಿ ಹಾಸ್ಟೆಲ್ · ಸೋಮವಾರ ಸಂಜೆ 6:05

ಅಕ್ಕ, ಅಂಕಿ ನೋಡಿದರೆ ಸ್ವಲ್ಪ ಧೈರ್ಯ ಬರಬಹುದು ಅಂತ ಬರೆಯುತ್ತಿದ್ದೇನೆ. 2013ರಲ್ಲಿ ಬಂದ ದೊಡ್ಡ ಅಧ್ಯಯನದಲ್ಲಿ ಹಲವು ದೇಶಗಳ 16,409 ಲೂಪಸ್ ರೋಗಿಗಳನ್ನು ನೋಡಿದರು. ನಾನ್ ಹಾಡ್ಜ್‌ಕಿನ್ ಲಿಂಫೋಮಾ (ಅತ್ತಿಗೆಗೆ ಬಂದ ಬಗೆಯೂ ಇದರಲ್ಲೇ ಸೇರುತ್ತದೆ) ಸಾಮಾನ್ಯ ಜನರಿಗಿಂತ ನಾಲ್ಕು ಪಟ್ಟಿಗೂ ಸ್ವಲ್ಪ ಜಾಸ್ತಿ. ರಕ್ತದ ಕ್ಯಾನ್ಸರ್ ಎಲ್ಲ ಸೇರಿಸಿದರೆ ಸುಮಾರು ಮೂರು ಪಟ್ಟು. ನಾಲ್ಕು ಪಟ್ಟು ಅಂದ ತಕ್ಷಣ ಎದೆ ಧಸಕ್ ಅನ್ನುತ್ತದೆ. ಆದರೆ ಯಾವುದರ ನಾಲ್ಕು ಪಟ್ಟು? ಅದೇ ತಂಡದ 2005ರ ಅಧ್ಯಯನದಲ್ಲಿ 9,547 ಜನರನ್ನು ಸರಾಸರಿ 8 ವರ್ಷ ನೋಡಿದಾಗ ಈ ಲಿಂಫೋಮಾ ಬಂದಿದ್ದು 42 ಜನರಿಗೆ. ಮಿಕ್ಕ ಒಂಬತ್ತೂವರೆ ಸಾವಿರ ಜನರಿಗೆ ಬರಲಿಲ್ಲ.

ಮುಲುಂಡ್ ಅತ್ತಿಗೆ · ಸೋಮವಾರ ಸಂಜೆ 6:40

ತಮ್ಮಾ, ನಿನ್ನ ಲೆಕ್ಕ ಸರಿ ಇದೆ. ಆದರೆ ಆ 42 ಜನರ ಹಾಗೇ ಅದು ಬಂದವಳಾಗಿ ಹೇಳುತ್ತೇನೆ, ಅಂಕಿ ತೋರಿಸಿ ಯಾರೂ ಬಯಾಪ್ಸಿ ಮುಂದೂಡಬಾರದು. ನನಗೂ ಒಬ್ಬರು ಹೀಗೇ ಹೇಳಿದ್ದರು, ಅಷ್ಟು ಅಪರೂಪ, ನಿಮಗ್ಯಾಕೆ ಬರುತ್ತದೆ ಅಂತ.

ಪವಾಯಿ ಹಾಸ್ಟೆಲ್ · ಸೋಮವಾರ ಸಂಜೆ 6:52

ಖಂಡಿತ ಅತ್ತಿಗೆ. ಅಂಕಿ ಬೇಕಿರುವುದು ಮನೆಯವರು ಊಟ ಮಾಡಲಿಕ್ಕೆ. ಗಂಟು ಬೆಳೆಯುತ್ತಿದ್ದರೆ ತೆಗೆಸಲೇಬೇಕು.

ಕೊತ್ರೂಡ್ ಕಾಕು · ಸೋಮವಾರ ರಾತ್ರಿ 8:30

ನನಗೆ ಲೂಪಸ್ ಜೊತೆ ಶೋಗ್ರೆನ್ ಕೂಡ ಇದೆ. ಬಾಯಿ ಒಣಗುತ್ತದೆ, ಭಕ್ರಿ ನೀರಿಲ್ಲದೆ ಗಂಟಲಿಗೆ ಇಳಿಯಲ್ಲ. ಕಿವಿ ಕೆಳಗೆ ಊತ ಬಂದು ಉಳಿದರೆ ತಕ್ಷಣ ಬನ್ನಿ ಅಂತ ನಮ್ಮ ಡಾಕ್ಟರು ಹೇಳಿದ್ದಾರೆ, ಶೋಗ್ರೆನ್‌ನಲ್ಲಿ ಲಾಲಾಗ್ರಂಥಿಗೆ ಲಿಂಫೋಮಾ ಬರುವುದು ಲೂಪಸ್‌ಗಿಂತಲೂ ಜಾಸ್ತಿಯಂತೆ. ತಂಗಿಗೆ ಕಣ್ಣು, ಬಾಯಿ ಒಣಗುತ್ತದಾ ಕೇಳಿ ನೋಡಿ.

ಕುರ್ಲಾ ಶೆಟ್ರು · ಸೋಮವಾರ ರಾತ್ರಿ 9:10

ಎಚ್‌ಸಿಕ್ಯೂ ಅಂದಾಗ ನೆನಪಾಯಿತು. 2020ರ ಮಾರ್ಚಿನಲ್ಲಿ ಎಲ್ಲರೂ ಕೋವಿಡ್‌ಗೆ ಅಂತ ಅದನ್ನೇ ಕೊಂಡು ಮನೆಯಲ್ಲಿ ತುಂಬಿಕೊಂಡರು. ನನ್ನ ಹೆಂಡತಿಗೆ ದಿನಾ ಬೇಕಾದ ಮಾತ್ರೆ. ಕುರ್ಲಾದಿಂದ ಚೆಂಬೂರ್‌ವರೆಗೆ ಹನ್ನೊಂದು ಮೆಡಿಕಲ್ ಅಲೆದೆ. ಕೊನೆಗೆ ಒಬ್ಬ ಗುಜರಾತಿ ಅಂಗಡಿಯವರು ಅವಳ ಹಳೆಯ ಚೀಟಿ ನೋಡಿ, ಒಳಗಿಟ್ಟಿದ್ದ ಎರಡು ಸ್ಟ್ರಿಪ್ ಕೊಟ್ಟರು. ಆ ಮನುಷ್ಯನನ್ನು ಇವತ್ತಿಗೂ ಮರೆತಿಲ್ಲ.

ವಾಸ್ಕೋದಿಂದ · ಮಂಗಳವಾರ ಬೆಳಿಗ್ಗೆ 7:45

ಇಲ್ಲಿ ಬಾಂಬೋಳಿಯ ಸರ್ಕಾರಿ ಆಸ್ಪತ್ರೆಯಲ್ಲಿ ನಮ್ಮ ಉತ್ತರ ಕರ್ನಾಟಕದ ಜನ ತುಂಬ. ಬೈನಾ, ಝುವಾರಿನಗರದಿಂದ ಬರುವ ಹೆಂಗಸರಿಗೆ ಕೊಂಕಣಿ ಅರ್ಧಂಬರ್ಧ, ಇಂಗ್ಲಿಷ್ ಇಲ್ಲವೇ ಇಲ್ಲ. ನನ್ನ ಅತ್ತಿಗೆಯ ಜೊತೆ ಹೋದಾಗ ಕಷ್ಟಪಟ್ಟಿದ್ದು ಲೂಪಸ್ ಅನ್ನುವುದನ್ನು ಕನ್ನಡದಲ್ಲಿ ಏನೆಂದು ಹೇಳುವುದು ಅಂತ. ಕೊನೆಗೆ, "ಮೈ ಕಾಯಬೇಕಾದ ಪೊಲೀಸರು ಮನೆಯವರಿಗೇ ಹೊಡೆಯುತ್ತಿದ್ದಾರೆ" ಅಂದೆ. ತಟ್ಟನೆ ಅರ್ಥವಾಯಿತು. ಮಾತ್ರೆ ಯಾಕೆ ಬಿಡಬಾರದು ಅನ್ನುವುದೂ ಅವತ್ತೇ ಅರ್ಥವಾಯಿತು.

ಪವಾಯಿ ಹಾಸ್ಟೆಲ್ · ಮಂಗಳವಾರ ಬೆಳಿಗ್ಗೆ 9:00

ಚೆನ್ನಾಗಿ ಹೇಳಿದಿರಿ ಅಣ್ಣ. ಅದೇ ಪೊಲೀಸರ ಮಾತಿಗೆ ಒಂದು ಹೊಸ ವಿಷಯ ಸೇರಿಸುತ್ತೇನೆ. ರಿಟುಕ್ಸಿಮ್ಯಾಬ್ 1997ರಲ್ಲಿ ಅಮೆರಿಕದಲ್ಲಿ ಲಿಂಫೋಮಾಗೆ ಅಂತ ಒಪ್ಪಿಗೆ ಪಡೆದ ಔಷಧಿ, ಆಮೇಲೆ ಲೂಪಸ್‌ಗೂ ಬಂತು. ಈಗ ಕಾರ್ ಟಿ ಅನ್ನುವ ಚಿಕಿತ್ಸೆ ಕೂಡ ಅದೇ ದಾರಿಯಲ್ಲಿದೆ. ರೋಗಿಯ ಟಿ ಜೀವಕೋಶ (ಇನ್ನೊಂದು ಬಗೆಯ ಬಿಳಿ ರಕ್ತಕಣ) ಹೊರಗೆ ತೆಗೆದು, ಬಿ ಜೀವಕೋಶ ಗುರುತಿಸಲು ಕಲಿಸಿ ವಾಪಸ್ ಬಿಡುತ್ತಾರೆ. ರಕ್ತದ ಕ್ಯಾನ್ಸರ್‌ಗೆ ಕಂಡುಹಿಡಿದಿದ್ದು. 2022ರಲ್ಲಿ ಜರ್ಮನಿಯ ಎರ್ಲಾಂಗೆನ್‌ನಲ್ಲಿ ಐದು ಜನ ಗಂಭೀರ ಲೂಪಸ್ ರೋಗಿಗಳಿಗೆ ಕೊಟ್ಟು, ಐವರಿಗೂ ಲೂಪಸ್ ತಗ್ಗಿತು ಅಂತ ಪ್ರಕಟಿಸಿದರು. ನಮ್ಮ ಪವಾಯಿಯ ಐಐಟಿ ಮತ್ತು ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆ ಸೇರಿ ಮಾಡಿದ ನೆಕ್ಸ್‌ಕಾರ್19 ಅನ್ನುವ ಕಾರ್ ಟಿ ಚಿಕಿತ್ಸೆಗೆ 2023ರ ಅಕ್ಟೋಬರಿನಲ್ಲಿ ಒಪ್ಪಿಗೆ ಸಿಕ್ಕಿತು, 2024ರ ಏಪ್ರಿಲಿನಲ್ಲಿ ರಾಷ್ಟ್ರಪತಿಗಳು ಬಂದು ಇಲ್ಲೇ ಉದ್ಘಾಟಿಸಿದರು. ಆ ಒಪ್ಪಿಗೆ ಕ್ಯಾನ್ಸರ್‌ಗೆ ಮಾತ್ರ, ಲೂಪಸ್‌ಗೆ ಅಲ್ಲ. ಆದರೂ ಇಲ್ಲಿಂದ ಹತ್ತು ನಿಮಿಷ ನಡೆದರೆ ಆ ಕಟ್ಟಡ ಅಂತ ನನಗೆ ಹೆಮ್ಮೆ.

ಘಾಟ್ಕೋಪರ್ ಭಟ್ · ಮಂಗಳವಾರ ಬೆಳಿಗ್ಗೆ 9:25

ಬಡವರ ಕೈಗೆ ಸಿಗುವ ಬೆಲೆಯಾ ಅದು?

ಪವಾಯಿ ಹಾಸ್ಟೆಲ್ · ಮಂಗಳವಾರ ಬೆಳಿಗ್ಗೆ 9:33

ಹೊರದೇಶದ ಬೆಲೆಯ ಸುಮಾರು ಹತ್ತನೇ ಒಂದು ಭಾಗ. ಆದರೂ ಲಕ್ಷಗಳ ಲೆಕ್ಕ. ನೀವು ಕೇಳಿದ್ದು ಸರಿ, ಇನ್ನೂ ಇಳಿಯಬೇಕು.

ಡೊಂಬಿವಲಿ ಅಕ್ಕ · ಗುರುವಾರ ರಾತ್ರಿ 9:50

ಇವತ್ತು ಗಂಟು ತೆಗೆದರು. ನಾಲ್ಕು ಹೊಲಿಗೆ. ಮುಲುಂಡ್ ಅತ್ತಿಗೆಯ ಬರಹವನ್ನು ಅವಳ ಅತ್ತೆಗೆ ಜೋರಾಗಿ ಓದಿ ಹೇಳಿದೆ. ನೈಟಿ ಒದ್ದೆಯಾದ ಕಡೆ ಬಂದಾಗ ಅವರು ಅತ್ತರು, ಆಮೇಲೆ ತಾವೇ ಆಸ್ಪತ್ರೆಗೆ ಬಂದು ಕೂತರು. ಕಲ್ಚರ್‌ಗೆ ಚೂರು ಬೇರೆ ಇಡಿ ಅಂತ ಸರ್ಜನ್‌ಗೆ ಹೇಳಿದೆ. ಅವರು ನನ್ನ ಮುಖ ನೋಡಿ, ಇಟ್ಟಿದ್ದೇವೆ ತಾಯಿ ಅಂದರು. ಮಾತ್ರೆ ಒಂದೂ ಬಿಟ್ಟಿಲ್ಲ.

ಕೊತ್ರೂಡ್ ಕಾಕು · ಗುರುವಾರ ರಾತ್ರಿ 10:05

ಶಾಣ್ಯಾಕಿ ನೀನು. ಇವತ್ತಾದರೂ ಹೊಟ್ಟೆ ತುಂಬ ಉಂಡು ಮಲಗು ಮಗಳೇ.

ಡೊಂಬಿವಲಿ ಅಕ್ಕ · ಬುಧವಾರ ಸಂಜೆ 5:30

ರಿಪೋರ್ಟ್ ಬಂತು. ಟಿಬಿ ಕಾಣುತ್ತಿಲ್ಲ, ಸಿಬಿನ್ಯಾಟ್ ಕೂಡ ನೆಗೆಟಿವ್. ಆದರೆ "ಕೆಲವು ಜೀವಕೋಶ ಅನುಮಾನ ತರಿಸುತ್ತವೆ, ಐಎಚ್‌ಸಿ ಮಾಡಿಸಿ" ಅಂತ ಬರೆದಿದ್ದಾರೆ. ಹಾಗಂದರೆ ಕ್ಯಾನ್ಸರಾ? ಡಾಕ್ಟರು ಗಂಟಿನ ಚೂರು ಇಟ್ಟ ಮೇಣದ ಬ್ಲಾಕ್ ತಗೊಂಡು ಪರೇಲ್‌ನ ಟಾಟಾ ಆಸ್ಪತ್ರೆಗೆ ಹೋಗಿ ಅಂದರು. ಟಾಟಾ ಅನ್ನುವ ಹೆಸರು ಕೇಳಿಯೇ ತಂಗಿ ಕೂತುಬಿಟ್ಟಳು.

ಪಿಂಪ್ರಿ ಲ್ಯಾಬ್ · ಬುಧವಾರ ಸಂಜೆ 5:48

ಹಾಗೆಂದು ಅರ್ಥವಲ್ಲ ಅಕ್ಕ. ಲೂಪಸ್ ಗಂಟಿನಲ್ಲಿ ಜೀವಕೋಶಗಳು ಕೆರಳಿ ವಿಚಿತ್ರವಾಗಿ ಕಾಣುವುದುಂಟು. ಐಎಚ್‌ಸಿ ಅಂದರೆ ಬೇರೆ ಬೇರೆ ಗುರುತಿನ ಬಣ್ಣ ಹಚ್ಚಿ ನೋಡುವುದು. ಯಾವುದು ಬಿ, ಯಾವುದು ಟಿ, ಎಲ್ಲ ಒಂದೇ ತಾಯಿ ಜೀವಕೋಶದಿಂದ ಹುಟ್ಟಿದ ಗುಂಪಾ (ಹಾಗಿದ್ದರೆ ಲಿಂಫೋಮಾ ಅನುಮಾನ) ಅಥವಾ ಕಲಸುಮೇಲೋಗರವಾ, ಅದು ಗೊತ್ತಾಗುತ್ತದೆ. ಒಂದು ವಾರ ಹಿಡಿಯಬಹುದು, ಜಾಸ್ತಿಯೂ ಆಗಬಹುದು. ಕಾಯುವುದು ಕಷ್ಟ, ಗೊತ್ತು.

ಲ್ಯಾಬಿನಿಂದ ಮೂರು ಇಸಿದುಕೊಳ್ಳಿ: ಮೇಣದ ಬ್ಲಾಕ್, ಗಾಜಿನ ಸ್ಲೈಡ್, ರಿಪೋರ್ಟಿನ ಪ್ರತಿ. ಬ್ಲಾಕ್ ನಂಬರು ರಿಪೋರ್ಟ್ ನಂಬರಿಗೆ ಹೊಂದುತ್ತದಾ ಅಲ್ಲೇ ನಿಂತು ನೋಡಿ. ಅದು ಮೇಣ, ಬಿಸಿಲಿಗೆ ಇಡಬೇಡಿ, ಕಾರಿನ ಡ್ಯಾಶ್‌ಬೋರ್ಡ್ ಮೇಲಂತೂ ಬೇಡವೇ ಬೇಡ. ಸ್ಲೈಡುಗಳನ್ನು ಹತ್ತಿಯಲ್ಲಿ ಸುತ್ತಿ ಗಟ್ಟಿ ಡಬ್ಬಿಗೆ ಹಾಕಿ.

ಮಾಟುಂಗಾ ಸಿಸ್ಟರ್ · ಬುಧವಾರ ಸಂಜೆ 6:20

ತಂಗಿಗೆ ಹೇಳಿ, ಟಾಟಾಕ್ಕೆ ಹೋದವರಿಗೆಲ್ಲ ಕ್ಯಾನ್ಸರ್ ಇರುವುದಿಲ್ಲ. ಹೊರಗಿನ ಬ್ಲಾಕ್ ಮತ್ತೆ ನೋಡಿ ಅಭಿಪ್ರಾಯ ಕೊಡುವುದು ಅಲ್ಲಿ ದಿನಾ ನಡೆಯುವ ಕೆಲಸ. 1941ರಿಂದ ಇರುವ ಆಸ್ಪತ್ರೆ, ಎಂತೆಂಥ ಗಂಟು ನೋಡಿದ್ದಾರೋ. ಲೂಪಸ್ ಇದೆ ಅನ್ನುವುದನ್ನು, ಯಾವ ಮಾತ್ರೆ ಎಷ್ಟು ವರ್ಷದಿಂದ ಅನ್ನುವುದನ್ನು ಒಂದು ಹಾಳೆಯಲ್ಲಿ ದೊಡ್ಡದಾಗಿ ಬರೆದು ಮೊದಲಿಗೇ ಕೊಡಿ. ಅದು ಗೊತ್ತಿಲ್ಲದೆ ಬ್ಲಾಕ್ ನೋಡಿದರೆ ದಾರಿ ತಪ್ಪಬಹುದು.

ನಾನು ಮಾಟುಂಗಾದಲ್ಲೇ ಇರುವುದು. ಪರೇಲ್ ಹತ್ತು ನಿಮಿಷ. ನಾಳೆ ಬರುತ್ತೇನೆ.

ಮುಲುಂಡ್ ಅತ್ತಿಗೆ · ಬುಧವಾರ ಸಂಜೆ 6:33

ನಾನೂ ಬರುತ್ತೇನೆ. ತಂಗಿ ನನ್ನ ಮುಖ ನೋಡಲಿ, ತಲೆ ತುಂಬ ಕೂದಲು ನೋಡಲಿ.

ಕುರ್ಲಾ ಶೆಟ್ರು · ಬುಧವಾರ ಸಂಜೆ 7:00

ಬೆಳಗಿನ ಹೊತ್ತು ಫಾಸ್ಟ್ ಲೋಕಲ್ ಹತ್ತಬೇಡಿ, ನೂಕಾಟದಲ್ಲಿ ಹೊಲಿಗೆಗೆ ಪೆಟ್ಟಾಗುತ್ತದೆ. ಡೊಂಬಿವಲಿಯಿಂದಲೇ ಹೊರಡುವ ಸ್ಲೋ ಹಿಡಿದರೆ ಕೂರಲು ಜಾಗ ಸಿಗುತ್ತದೆ. ಸೀದಾ ಪರೇಲ್‌ನಲ್ಲಿ ಇಳಿಯಿರಿ. ಮಧ್ಯಾಹ್ನದ ಊಟ ನಮ್ಮ ಹೋಟೆಲಿನಿಂದ ಹುಡುಗನ ಕೈಯಲ್ಲಿ ಕಳಿಸುತ್ತೇನೆ, ಐದು ಜನಕ್ಕೆ.

ಡೊಂಬಿವಲಿ ಅಕ್ಕ · ಬುಧವಾರ ರಾತ್ರಿ 10:15

ಬ್ಲಾಕ್ ನಂಬರು ಎರಡು ಸಲ ನೋಡಿದೆ, ಹೊಂದಿದೆ. ಸ್ಲೈಡುಗಳನ್ನು ಹತ್ತಿಯಲ್ಲಿ ಸುತ್ತಿ ಅಮ್ಮನ ಹಳೆಯ ಕುಂಕುಮದ ಡಬ್ಬಿಗೆ ಹಾಕಿದ್ದೇನೆ. ಮಾತ್ರೆಗಳ ಹಾಳೆಯನ್ನು ತಂಗಿ ತಾನೇ ಕೂತು ಬರೆಯುತ್ತಿದ್ದಾಳೆ, ಮೊದಲ ವರ್ಷದಿಂದ. ಸಿಸ್ಟರ್, ಎಂಟೂವರೆಗೆ ಗೇಟಿನ ಹತ್ತಿರ ಇರುತ್ತೇವೆ. ನಾನು ನೀಲಿ ಕಾಟನ್ ಸೀರೆ ಉಟ್ಟಿರುತ್ತೇನೆ.